ಪ್ರೊಸೆಸರ್ ಬದಲಿಸಿದರೆ ಬ್ಯಾಕಪ್ ಬೇಗ ಮುಗಿಯುತ್ತಾ?

ಪ್ರಶ್ನೆ: ಸಾಗರದಲ್ಲಿ ಸಣ್ಣ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಕಂಪ್ಯೂಟರ್ ಹಳೆಯದು. ಇಂಟೆಲ್ ಐ3-2120, ಎಚ್61 ಬೋರ್ಡ್, 8 ಜಿಬಿ ರ್‍ಯಾಮ್. ಮದುವೆ, ಉಪನಯನದ ಫೋಟೋಗಳೇ ಸುಮಾರು 300 ಜಿಬಿ ಇವೆ. ಬೇರೆಯವರ ಮನೆಯ ಫೋಟೋ ಅಲ್ವಾ, ಹಾಗಾಗಿ ಪ್ರತಿ ಭಾನುವಾರ ಎಲ್ಲವನ್ನೂ ಸೆವೆನ್‌ಜಿಪ್‌ನಲ್ಲಿ ಪಾಸ್‌ವರ್ಡ್ ಹಾಕಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ತುಂಬುತ್ತೇನೆ. ಕಂಪ್ರೆಷನ್ 'ಅಲ್ಟ್ರಾ' ಇಟ್ಟಿದ್ದೇನೆ. ರಾತ್ರಿ ಹತ್ತಕ್ಕೆ ಶುರು ಮಾಡಿದರೆ ಮರುದಿನ ಮಧ್ಯಾಹ್ನವೂ ಓಡುತ್ತಿರುತ್ತದೆ. ಮಳೆಗಾಲದಲ್ಲಿ ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ. ಶಿವಮೊಗ್ಗದಲ್ಲಿ ಒಬ್ಬರು ಸೆಕೆಂಡ್ ಹ್ಯಾಂಡ್ ಐ5 ಹಾಕಿಕೊಡುತ್ತೇನೆ, ಎನ್‌ಕ್ರಿಪ್ಷನ್ ಫಾಸ್ಟ್ ಆಗುತ್ತದೆ ಅನ್ನುತ್ತಿದ್ದಾರೆ. ಹಾಕಿಸಲಾ ಸರ್? ಹಾಕಿಸಿದರೆ ಹಳೆಯ ಬ್ಯಾಕಪ್ ತೆರೆಯುತ್ತಾ?

ಉತ್ತರ: ಅವರು ಹೇಳಿದ್ದು ಸುಳ್ಳಲ್ಲ. ಆದರೆ ಸದ್ಯಕ್ಕೆ ದುಡ್ಡು ಜೇಬಲ್ಲೇ ಇರಲಿ. ನಿಮ್ಮ ರಾತ್ರಿಯೆಲ್ಲ ತಿನ್ನುತ್ತಿರುವುದು ಆ 'ಅಲ್ಟ್ರಾ'. ಜೆಪಿಜಿ ಫೋಟೋ ಕ್ಯಾಮೆರಾದಿಂದ ಹೊರಗೆ ಬರುವಾಗಲೇ ಕುಗ್ಗಿ ಬಂದಿರುತ್ತದೆ. ಅದನ್ನು ಮತ್ತೆ ಹಿಂಡಿದರೆ ಹನಿ ನೀರೂ ಬರುವುದಿಲ್ಲ. ಪ್ರೊಸೆಸರ್ ಮಾತ್ರ ಸುಮ್ನೆ ಗಂಟೆಗಟ್ಟಲೆ ಹಿಂಡುತ್ತಲೇ ಇರುತ್ತದೆ. ಮುಂದಿನ ಭಾನುವಾರ ಕಂಪ್ರೆಷನ್ ಲೆವೆಲ್‌ನಲ್ಲಿ 'ಸ್ಟೋರ್' ಆರಿಸಿ ನೋಡಿ. ಪಾಸ್‌ವರ್ಡ್ ಹಾಗೇ ಇರುತ್ತದೆ, ಹಿಂಡುವುದು ನಿಲ್ಲುತ್ತದೆ. ಹಾಗೇ ಫೈಲ್ ಹೆಸರನ್ನೂ ಎನ್‌ಕ್ರಿಪ್ಟ್ ಮಾಡುವ ಟಿಕ್ ಹಾಕಿ. ಇಲ್ಲದಿದ್ದರೆ ಒಳಗಿನ ಫೋಲ್ಡರ್ ಹೆಸರಲ್ಲೇ ಯಾರ ಮದುವೆ ಅಂತ ಗೊತ್ತಾಗುತ್ತದೆ.

ಇನ್ನು ಐ5 ವಿಷಯ. ಇಂಟೆಲ್ 2010ರಲ್ಲಿ ಎನ್‌ಕ್ರಿಪ್ಷನ್ ಬೇಗ ಮಾಡಲೆಂದೇ ಎಇಎಸ್-ಎನ್‌ಐ ಎಂಬ ಆದೇಶಗಳನ್ನು ಚಿಪ್‌ಗೆ ಸೇರಿಸಿತು. ನೀವು ಪಾಸ್‌ವರ್ಡ್ ಹಾಕಿದಾಗ ಸೆವೆನ್‌ಜಿಪ್ ಫೈಲಿಗೆ ಬೀಗ ಹಾಕುವ ವಿಧಾನ ಎಇಎಸ್-256. ಅದರಲ್ಲಿ ಪ್ರತಿ 16 ಬೈಟ್ ತುಣುಕನ್ನು 14 ಸುತ್ತು ಕಲಸಬೇಕು. ನಿಮ್ಮ ಐ3ಯಲ್ಲಿ ಈ ಸೌಲಭ್ಯ ಇಲ್ಲ, ಅದು ಪ್ರತಿ ಸುತ್ತನ್ನೂ ಹತ್ತಾರು ಸಣ್ಣ ಲೆಕ್ಕ ಮಾಡಿ ಮುಗಿಸುತ್ತದೆ. ಐ5-2400ಕ್ಕೆ ಒಂದು ಸುತ್ತಿಗೆ ಒಂದೇ ಆದೇಶ ಸಾಕು. ಮೆಟ್ಟುಕತ್ತಿಯಲ್ಲಿ ಅಡಿಕೆ ಸುಲಿಯುವುದಕ್ಕೂ ಮೆಷಿನ್‌ಗೆ ಹಾಕುವುದಕ್ಕೂ ಇರುವಷ್ಟು ವ್ಯತ್ಯಾಸ. ಆದರೆ ಮೆಷಿನ್ ತಂದ ಮೇಲೂ ಬೇಯಿಸುವ ಹಂಡೆ ಹಳೆಯ ಸಣ್ಣದೇ ಇದ್ದರೆ? ಸುಲಿದದ್ದು ಅಂಗಳದಲ್ಲಿ ರಾಶಿ ಬೀಳುತ್ತದೆ, ಅಷ್ಟೆ.

ನಿಮ್ಮ ಹಂಡೆ ಯುಎಸ್‌ಬಿ. ಎಚ್61 ಚಿಪ್‌ಸೆಟ್‌ನಲ್ಲಿ ಸ್ವಂತ ಯುಎಸ್‌ಬಿ 3 ಇಲ್ಲ. ಕೆಲವು ಬೋರ್ಡ್‌ಗಳಲ್ಲಿ ಬೇರೆ ಚಿಪ್ ಕೂರಿಸಿ ಕೊಟ್ಟಿರುತ್ತಾರೆ, ಹಿಂದೆ ನೀಲಿ ಪೋರ್ಟ್ ಇದೆಯಾ ನೋಡಿ. ಯುಎಸ್‌ಬಿ 2ರಲ್ಲಿ ಸೆಕೆಂಡಿಗೆ ಸುಮಾರು 35 ಎಂಬಿ ಹೋದರೆ ದೊಡ್ಡದು. 300 ಜಿಬಿಗೆ ಎರಡೂವರೆ ಗಂಟೆಯ ಹತ್ತಿರ ಬೇಕು, ಐ7 ಹಾಕಿದರೂ ಅಷ್ಟೇ. ಯುಎಸ್‌ಬಿ 3 ಕಾರ್ಡ್ ಒಂದನ್ನು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹಾಕಿದರೆ ಡಿಸ್ಕ್ ಸೆಕೆಂಡಿಗೆ 100 ಎಂಬಿ ಎಳೆದೀತು, ಕೆಲಸ ಒಂದು ಗಂಟೆಯೊಳಗೆ ಮುಗಿದೀತು. ನನ್ನ ಪ್ರಕಾರ ಮೊದಲ ಖರ್ಚು ಇದೇ.

ಕರೆಂಟ್ ವಿಷಯಕ್ಕೆ ಬರೋಣ, ಇದು ನನಗೆ ವೇಗಕ್ಕಿಂತ ಜಾಸ್ತಿ ಚಿಂತೆಯ ವಿಷಯ. ಸೆವೆನ್‌ಜಿಪ್ ಫೈಲಿನ ಒಳಗೆ ಏನೇನಿದೆ ಎಂಬ ಪಟ್ಟಿಯನ್ನು ಕಟ್ಟಕಡೆಗೆ ಬರೆಯುತ್ತದೆ. 290 ಜಿಬಿ ಆದಾಗ ಕರೆಂಟ್ ಹೋದರೆ ಅಷ್ಟೂ ಹೋದ ಹಾಗೆಯೇ. ಅದಕ್ಕೇ ಇಡೀ ಎಕ್ಸ್‌ಟರ್ನಲ್ ಡಿಸ್ಕನ್ನೇ ವೆರಾಕ್ರಿಪ್ಟ್ ಎಂಬ ತಂತ್ರಾಂಶದಲ್ಲಿ ಎನ್‌ಕ್ರಿಪ್ಟ್ ಮಾಡಿಬಿಡಿ. ಖಾಲಿ ಡಿಸ್ಕ್ ಬೇಕು, ಫಾರ್ಮ್ಯಾಟ್‌ಗೆ ಒಂದು ಸಲ ಕೆಲವು ಗಂಟೆ ಹಿಡಿಯುತ್ತದೆ. ಆಮೇಲೆ ವಿಂಡೋಸ್‌ನಲ್ಲೇ ಇರುವ ರೋಬೋಕಾಪಿಯಿಂದ ಹೊಸ ಫೋಟೋ ಮಾತ್ರ ನಕಲು ಮಾಡಿ. ನಡುವೆ ಕರೆಂಟ್ ಹೋದರೂ ಸಾಮಾನ್ಯವಾಗಿ ಹಾಳಾಗುವುದು ಆಗ ಹೋಗುತ್ತಿದ್ದ ಒಂದು ಫೈಲ್. ವಾರಕ್ಕೆ ಒಂದು ಮದುವೆ ಸೇರಿದರೆ ಅದೆಷ್ಟು ಜಿಬಿ ಆದೀತು, ನೀವೇ ಲೆಕ್ಕ ಹಾಕಿ. ಒಂದು ಸಣ್ಣ ಯುಪಿಎಸ್ ಇದ್ದರೆ ಒಳ್ಳೆಯದು. ಆಷಾಢದ ಸಾಗರ ನಿಮಗೆ ಹೇಳಬೇಕಾ?

ವೆರಾಕ್ರಿಪ್ಟ್‌ನ ಟೂಲ್ಸ್ ಮೆನುವಿನಲ್ಲಿ ಬೆಂಚ್‌ಮಾರ್ಕ್, ಅಂದರೆ ವೇಗದ ಪರೀಕ್ಷೆ, ಇದೆ. ಅಲ್ಲಿ ಎಇಎಸ್ ಸಾಲಿನ ಅಂಕಿ ನಿಮ್ಮ ಡಿಸ್ಕಿನ ಸೆಕೆಂಡಿಗೆ 100 ಎಂಬಿಗಿಂತ ಜಾಸ್ತಿ ಬಂದರೆ ಈಗಿನ ಐ3 ಸಾಕು. ಅದು ಬರುತ್ತದೆ ಎಂದೇ ನನ್ನ ಅಂದಾಜು.

ಇಷ್ಟಾದ ಮೇಲೂ ಬದಲಿಸುವ ಮನಸ್ಸಿದ್ದರೆ ನಂಬರ್ ನೋಡಿ ಮೋಸ ಹೋಗಬೇಡಿ. ಐ3-3220 ನಿಮ್ಮ ಸಾಕೆಟ್‌ಗೆ ಕೂರುತ್ತದೆ, ಆದರೆ ಅದರಲ್ಲೂ ಎಇಎಸ್-ಎನ್‌ಐ ಇಲ್ಲ. ಐ3-4130ರಲ್ಲಿ ಇದೆ, ಸಾಕೆಟ್‌ಗೆ ಕೂರುವುದಿಲ್ಲ. ಐ5-2400 ಸರಿ. ಐ5-3470 ಕೂಡ ಆಗಬಹುದು, ಬೋರ್ಡಿನ ಬಯಾಸ್ (ಕಂಪ್ಯೂಟರ್ ಶುರು ಮಾಡುವ ತಂತ್ರಾಂಶ) ಅಪ್‌ಡೇಟ್ ಬೇಕಾದೀತು. ಐ5-2400 95 ವ್ಯಾಟ್‌ನದು, ನಿಮ್ಮದು 65. ಎಸ್‌ಎಂಪಿಎಸ್ (ಒಳಗೆ ಕರೆಂಟ್ ಕೊಡುವ ಡಬ್ಬಿ) ಮತ್ತು ಫ್ಯಾನ್ ತಡೆಯುತ್ತಾ ಕೇಳಿಕೊಳ್ಳಿ. ಈ ಯಾವುದಕ್ಕೂ ವಿಂಡೋಸ್ 11ರ ಅಧಿಕೃತ ಬೆಂಬಲ ಇಲ್ಲ, ಹಾಗಾಗಿ ಜಾಸ್ತಿ ದುಡ್ಡು ಸುರಿಯಬೇಡಿ.

ಬಿಚ್ಚುವವರು ಯಾರೇ ಆಗಲಿ, ಪಿನ್‌ಗಳ ಮೇಲೆ ಕಣ್ಣಿರಲಿ. ಈ ಸಾಕೆಟ್‌ನಲ್ಲಿ ಪಿನ್ ಇರುವುದು ಬೋರ್ಡ್ ಮೇಲೆ, 1155 ಪಿನ್. ಒಮ್ಮೆ ಚಾಳೀಸಿನ ಕನ್ನಡಕ ಹಾಕಿಕೊಳ್ಳದೆ ಕೂತು ಪ್ರೊಸೆಸರನ್ನು ಓರೆಯಾಗಿ ಬೀಳಿಸಿದೆ. ಮೂರು ಪಿನ್ ಬಗ್ಗಿದವು. ಹೊಲಿಗೆ ಸೂಜಿಯಲ್ಲಿ ಎತ್ತಿ ನಿಲ್ಲಿಸಲು ಒಂದು ಇಡೀ ಸಂಜೆ ಹಿಡಿಯಿತು, ಎರಡು ನಿಂತವು, ಒಂದು ಮುರಿಯಿತು. ಆ ಬೋರ್ಡ್ ಗುಜರಿಗೆ ಹೋಯಿತು.

ಹಳೆಯ ಬ್ಯಾಕಪ್ ತೆರೆಯುತ್ತದೆ, ಹೆದರಬೇಡಿ. ಬೀಗ ಇರುವುದು ಪಾಸ್‌ವರ್ಡ್‌ನಲ್ಲಿ, ಪ್ರೊಸೆಸರ್‌ನಲ್ಲಿ ಅಲ್ಲ. ಆದರೂ ಪೆಟ್ಟಿಗೆ ಬಿಚ್ಚುವ ಮೊದಲು ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ, ಪಾಸ್‌ವರ್ಡ್ ಕೊಟ್ಟು ನಾಲ್ಕು ಫೋಟೋ ತೆರೆದು ನೋಡಿ.