ಬ್ರಿಟನ್ನಿನ ವೈಜ್ಞಾನಿಕ ಕಾಲ್ಪನಿಕ ಟಿವಿ ಸರಣಿ ಡಾಕ್ಟರ್ ಹೂ ನೋಡಿದವರಿಗೂ ಅದರ ವಾರ್ಷಿಕೋತ್ಸವದ ಸಚಿತ್ರ ಪುಸ್ತಕ ಬೇಕಾ?

ಸರಣಿ ಮತ್ತೆ ಶುರುವಾದ 2005ರ ನಂತರದ ಕಂತುಗಳಷ್ಟೇ ಸಾಕು ಎನ್ನುವವರಿಗೆ ಅಂಥ ಅಗತ್ಯವೇನಿಲ್ಲ. 1960ರ ದಶಕದ ಬಗ್ಗೆ ಕುತೂಹಲವಿದ್ದರೆ ಮಾತ್ರ ಖಂಡಿತ ಬೇಕು. ಆ ಕಾಲದ ಎಷ್ಟೋ ಕಂತುಗಳನ್ನು ಈಗ ನೋಡಲು ಸಾಧ್ಯವೇ ಇಲ್ಲ.

ಬಿಬಿಸಿ ಈ ಸರಣಿ ಶುರು ಮಾಡಿದ್ದು 1963ರ ನವೆಂಬರ್ 23ರಂದು. ಆಗ ವಿಡಿಯೊ ಟೇಪ್ ದುಬಾರಿ, ಮರುಪ್ರಸಾರದ ಹಕ್ಕುಗಳೂ ಸೀಮಿತ. ಹಾಗಾಗಿ ಪ್ರಸಾರವಾದ ಕಂತುಗಳನ್ನು ಅಳಿಸಿ ಟೇಪನ್ನು ಮತ್ತೆ ಬಳಸುತ್ತಿದ್ದರು. ಧ್ವನಿಯೇನೋ ಉಳಿದಿದೆ, ಅಭಿಮಾನಿಗಳು ಮನೆಯಲ್ಲೇ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟುಕೊಂಡಿದ್ದರು, ಪುಣ್ಯಾತ್ಮರು.

ದೃಶ್ಯಗಳ ವಿಷಯದಲ್ಲಿ ನಮ್ಮನ್ನು ಕಾಪಾಡಿದ್ದು ಜಾನ್ ಕ್ಯೂರಾ. ಕಾರ್ಯಕ್ರಮ ಪ್ರಸಾರವಾಗುತ್ತಿರುವಾಗಲೇ ಟಿವಿ ಪರದೆಯ ಫೋಟೊ ತೆಗೆದು ನಟರಿಗೆ, ನಿರ್ದೇಶಕರಿಗೆ ಮಾರುವುದು ಅವರ ಕಸುಬು. ಸರಣಿಯ ನಾಯಕ ‘ಡಾಕ್ಟರ್’ ಪಾತ್ರಕ್ಕೆ ಆಗಾಗ ನಟರು ಬದಲಾಗುತ್ತಾರೆ; ಎರಡನೆಯ ನಟ ಪ್ಯಾಟ್ರಿಕ್ ಟ್ರಾಟನ್ ಡಾಕ್ಟರ್ ಆಗಿ ಕಾಣಿಸಿಕೊಂಡ ಮೊದಲ ಕಥೆ 1966ರದು. ಅದರ ಆರು ಕಂತುಗಳಲ್ಲಿ ಒಂದೂ ಪೂರ್ತಿಯಾಗಿ ಉಳಿದಿಲ್ಲ. ಎತ್ತರದ ಟೋಪಿ ಹಾಕಿಕೊಂಡ ಆ ಹೊಸ ಡಾಕ್ಟರ್ ಹೇಗಿದ್ದರು ಎಂದು ತಿಳಿಯಲು ಇಂಥ ಫೋಟೊಗಳೇ ಗತಿ. ಕಪ್ಪುಬಿಳುಪು, ತುಸು ಮಸುಕು ಬೇರೆ. ಆದರೂ ಪುಸ್ತಕದಲ್ಲಿ ನಾನು ಮೊದಲು ಹುಡುಕುವ ಪುಟಗಳು ಅವೇ.

ಕೊಳ್ಳುವ ಮುನ್ನ ಒಮ್ಮೆ ತಿರುವಿ ನೋಡಿ. ನಟರ ಪೋಸು ಕೊಟ್ಟ ಚಿತ್ರಗಳೇ ತುಂಬಿದ್ದರೆ ಬಿಟ್ಟುಬಿಡಿ, ಅವು ಎಲ್ಲಿ ಬೇಕಾದರೂ ಸಿಗುತ್ತವೆ. ಸೆಟ್ಟಿನ ನಕ್ಷೆ, ವೇಷಭೂಷಣದ ರೇಖಾಚಿತ್ರ, ವಿನ್ಯಾಸಕ ರೇಮಂಡ್ ಕ್ಯೂಸಿಕ್ ರೂಪಿಸಿದ, ಡಾಕ್ಟರ್‌ನ ಶತ್ರುವಾದ ಲೋಹಕವಚದ ಡಾಲೆಕ್‌ನ ಒಳಗೆ ನಟ ಕೂರುವುದು ಹೇಗೆಂಬ ವಿವರ, ಪ್ರತಿ ಚಿತ್ರದ ಕೆಳಗೆ ಕಥೆಯ ಹೆಸರು ಮತ್ತು ಇಸವಿ ಇದ್ದರೆ ಧಾರಾಳವಾಗಿ ಕೊಳ್ಳಬಹುದು.