ಎಂಬಿಎ ಜತೆ ಪೈಥಾನ್ ಯಾಕೆ?

ಬಿಕಾಂ ಮುಗಿಸಿ ಕೋಲಾರದಲ್ಲಿ ಎಂಬಿಎ ಸೇರಿದ್ದೀನಿ, ಡೇಟಾ ಅನಲಿಟಿಕ್ಸ್ ಪೇಪರ್ ನೋಡಿ ಭಯ ಆಗ್ತಿದೆ, ಬೇರೆ ವಿಷಯ ತಗೊಳ್ಲಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಪೈಥಾನ್‌ನಂಥ ಪ್ರೋಗ್ರಾಮಿಂಗ್ ಭಾಷೆಯ ಕೋಡಿಂಗ್‌ನಿಂದ ಶುರು ಮಾಡಬೇಡಿ, ಅಷ್ಟೇ.

ನಿಮ್ಮೂರಿನ ಎಪಿಎಂಸಿ ಟೊಮೆಟೊ ಮಂಡಿಗಿಂತ ಒಳ್ಳೆ ಲ್ಯಾಬ್ ಯಾವ ಕಾಲೇಜಲ್ಲೂ ಸಿಗಲ್ಲ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿತ್ತು. ಬೆಲೆ ಬಿದ್ದಾಗ ಕೊಯ್ಲಿನ ಕೂಲಿಯೂ ಹುಟ್ಟದೆ ರೈತರು ರಸ್ತೆಗೆ ಸುರಿದಿದ್ದನ್ನೂ ನೋಡಿದ್ದೀವಿ. ಕೇಂದ್ರ ಸರ್ಕಾರದ ಮಂಡಿ ಧಾರಣೆ ವೆಬ್‌ಸೈಟ್ ಅಗ್‌ಮಾರ್ಕ್‌ನೆಟ್‌ನಲ್ಲಿ ದಿನದಿನದ ಆವಕ, ಧಾರಣೆ ಪುಕ್ಕಟೆ ಸಿಗುತ್ತೆ. ಎಕ್ಸೆಲ್‌ಗೆ ಹಾಕಿ, ಆವಕ ಏರಿದಾಗ ಧಾರಣೆ ಎಷ್ಟು ಇಳಿಯುತ್ತೆ ಅಂತ ಗ್ರಾಫ್ ಎಳೀರಿ. ಒಂದು ಬದಲಾದ್ರೆ ಇನ್ನೊಂದು ಎಷ್ಟು ಬದಲಾಗುತ್ತೆ ಅಂತ ಅಳೆಯೋ ರಿಗ್ರೆಷನ್‌ನ ಮೊದಲ ಪಾಠ ಅದೇ. ಹತ್ತು ವರ್ಷದ, ಹತ್ತಾರು ಮಂಡಿಗಳ ಲೆಕ್ಕಕ್ಕೆ ಇಳಿದಾಗ ಪೈಥಾನ್ ಯಾಕೆ ಬೇಕು ಅಂತ ತಾನಾಗೇ ತಿಳಿಯುತ್ತೆ.

ವಿಜ್ಞಾನವೂ ಬೇಕು, ಇದನ್ನ ಒತ್ತಿ ಹೇಳ್ತೀನಿ. ಕೋಲ್ಡ್ ಸ್ಟೋರೇಜ್ ಕಟ್ಟಿದ್ರೆ ಲಾಭ ಅಂತ ಪ್ರಾಜೆಕ್ಟ್ ರಿಪೋರ್ಟ್ ಬರೆಯೋದು ಸುಲಭ. ಆದ್ರೆ ಟೊಮೆಟೊ ಕೊಯ್ದ ಮೇಲೂ ಉಸಿರಾಡುತ್ತೆ, ಹಣ್ಣು ಮಾಗಿಸೋ ಎಥಿಲೀನ್ ಅನಿಲ ಬಿಡುತ್ತೆ. 10 ಡಿಗ್ರಿಗಿಂತ ಕೆಳಗೆ ದಿನಗಟ್ಟಲೆ ಇಟ್ರೆ ರುಚಿ ಹೋಗಿ ಮೆತ್ತಗಾಗುತ್ತೆ. ಆಲೂಗಡ್ಡೆಗೆ ಅದಕ್ಕಿಂತ ತಂಪು ಬೇಕು. ಎರಡನ್ನೂ ಒಂದೇ ಕೋಣೆಯಲ್ಲಿಡೋ ಲೆಕ್ಕ ಕಾಗದದ ಮೇಲಷ್ಟೇ ಕೂಡುತ್ತೆ.

ಕೋಲಾರದ ಪಕ್ಕದ ಟಮಕದ ತೋಟಗಾರಿಕೆ ಕಾಲೇಜಲ್ಲಿ ಓದೋರು ಯಾರಾದ್ರೂ ಪರಿಚಯ ಇದ್ರೆ ಜತೆಗೆ ಕರ್ಕೊಂಡು, ಹರಾಜಿನ ಹೊತ್ತಿಗೆ ಒಂದು ವಾರ ಮಂಡಿಗೆ ಹೋಗಿ ಬನ್ನಿ.