ಬಿಡಬ್ಲ್ಯೂ ಇಂಟಿಗ್ರೇಟೆಡ್ ಪ್ಲಾನಿಂಗ್‌ನಲ್ಲಿ ಪ್ಲಾನಿಂಗ್ ಫಂಕ್ಷನ್‌ಗೆ ಫಿಲ್ಟರ್ ಜೋಡಿಸುವುದು ಎಲ್ಲಿ?

ನಿಮ್ಮ ಪ್ರಶ್ನೆ ನಾನು ಅರ್ಥ ಮಾಡಿಕೊಂಡಿದ್ದು ಹೀಗೆ: ಸ್ಯಾಪ್‌ನ ಡೇಟಾ ವೇರ್‌ಹೌಸ್ ಆದ ಬಿಡಬ್ಲ್ಯೂನಲ್ಲಿ 2025ರ ಆಕ್ಚುವಲ್ (ನಿಜವಾಗಿ ಆದ) ಮಾರಾಟವನ್ನು 2026ರ ಪ್ಲಾನ್ ವರ್ಷನ್‌ಗೆ ಕಾಪಿ ಮಾಡಿ, ಮೇಲೆ ಶೇ. 8 ಏರಿಸಬೇಕು. ಎಕ್ಸೆಲ್ ವರ್ಕ್‌ಬುಕ್‌ನಲ್ಲಿ ದಕ್ಷಿಣ ವಲಯ ಮಾತ್ರ ಆರಿಸಿ ಬಟನ್ ಒತ್ತಿದರೂ ಎಲ್ಲ ವಲಯಗಳಿಗೂ ಕಾಪಿ ಆಗುತ್ತಿದೆ. ತೆರೆಯ ಮೇಲಿನ ಫಿಲ್ಟರನ್ನು ಫಂಕ್ಷನ್ ಯಾಕೆ ಕೇಳುವುದಿಲ್ಲ, ಅಲ್ವಾ?

ಕೇಳುವುದಿಲ್ಲ, ಯಾಕೆಂದರೆ ಅದಕ್ಕೆ ಯಾರೂ ಹೇಳಿಲ್ಲ. ಪ್ಲಾನಿಂಗ್ ಫಂಕ್ಷನ್ ಅಂದರೆ ಕಾಪಿ, ಏರಿಕೆಯಂಥ ಡೇಟಾ ಬದಲಿಸುವ ಕೆಲಸ. ಅದರ ನಂಟು ಅಗ್ರಿಗೇಶನ್ ಲೆವೆಲ್ (ಯಾವ ವಿವರದ ಮಟ್ಟದಲ್ಲಿ ಪ್ಲಾನ್ ಮಾಡುತ್ತೇವೆ ಅನ್ನುವುದು) ಜೊತೆಗೆ ಮಾತ್ರ. ಯಾವ ಕ್ಯಾರೆಕ್ಟರಿಸ್ಟಿಕ್ (ವರ್ಷ, ವಲಯದಂಥ ಗುಣ) ಬದಲಾಗುತ್ತದೆ, ಯಾವ ಕೀ ಫಿಗರ್ (ಮಾರಾಟದ ಮೊತ್ತದಂಥ ಸಂಖ್ಯೆ) ಲೆಕ್ಕಕ್ಕೆ ಬರುತ್ತದೆ ಎನ್ನುವುದು ಅದಕ್ಕೆ ಗೊತ್ತು. ಯಾವ ವಲಯದ ಡೇಟಾ ಅಂತ ಗೊತ್ತಿಲ್ಲ. ಅದು ಹಿಟ್ಟಿನ ಗಿರಣಿ ಇದ್ದ ಹಾಗೆ, ಸುರಿದದ್ದನ್ನು ಬೀಸುತ್ತದೆ. ಏನು ಸುರಿಯಬೇಕು ಅನ್ನುವುದನ್ನು ಫಂಕ್ಷನ್ ಕರೆಯುವವರೇ ಹೇಳಬೇಕು. ಕ್ವೆರಿಯ (ಶೀಟಿಗೆ ಡೇಟಾ ತರುವ ವರದಿಯ) ಫಿಲ್ಟರ್ ಬೇರೆ, ಫಂಕ್ಷನ್‌ಗೆ ಹೋಗುವ ಫಿಲ್ಟರ್ ಬೇರೆ. ಒಂದೇ ಶೀಟಿನಲ್ಲಿ ಕಂಡರೂ ಅವು ತಾವಾಗಿ ಮಾತಾಡಿಕೊಳ್ಳುವುದಿಲ್ಲ.

ಜೋಡಣೆ ಮಾಡಲು ದಾರಿಗಳಿವೆ. ಒಂದು, ಪ್ಲಾನಿಂಗ್ ಸೀಕ್ವೆನ್ಸ್, ಅಂದರೆ ಒಂದರ ಹಿಂದೆ ಒಂದು ಓಡುವ ಫಂಕ್ಷನ್‌ಗಳ ಸಾಲು. ಆರ್‌ಎಸ್‌ಪ್ಲಾನ್ ಟ್ರಾನ್ಸಾಕ್ಷನ್‌ನಲ್ಲಿ (ಇವನ್ನೆಲ್ಲ ಕಟ್ಟುವ ಸ್ಯಾಪ್ ತೆರೆ) ಸೀಕ್ವೆನ್ಸ್ ಮಾಡುವಾಗ ಪ್ರತಿ ಹೆಜ್ಜೆಗೂ ಅಗ್ರಿಗೇಶನ್ ಲೆವೆಲ್, ಫಿಲ್ಟರ್, ಫಂಕ್ಷನ್ ಮೂರನ್ನೂ ಕೊಡುತ್ತೀರಿ. ನಿಮಗೆ ಕಾಪಿ ಮತ್ತು ರಿವ್ಯಾಲ್ಯುವೇಶನ್ (ಶೇಕಡಾವಾರು ಏರಿಕೆ) ಎರಡೂ ಬೇಕಿರುವುದರಿಂದ ಇದೇ ಸರಿ. ಆ ಫಿಲ್ಟರಿನಲ್ಲಿ ವಲಯಕ್ಕೆ ಒಂದು ವೇರಿಯಬಲ್ (ಓಡಿಸುವಾಗ ಮೌಲ್ಯ ತುಂಬುವ ಜಾಗ) ಇಡಿ. ಅನಾಲಿಸಿಸ್ ಫಾರ್ ಆಫೀಸ್‌ನಲ್ಲಿ (ಎಕ್ಸೆಲ್ ಒಳಗೆ ಕೂರುವ ಸ್ಯಾಪ್ ಆಡ್-ಇನ್) ಸೀಕ್ವೆನ್ಸಿಗೆ ಹೊರಗಿನಿಂದ ಕೊಡಬಹುದಾದದ್ದು ವೇರಿಯಬಲ್ ಮಾತ್ರ, ಅದಕ್ಕೆ. ಆಮೇಲೆ ಆ ವೇರಿಯಬಲ್‌ಗೆ ಶೀಟಿನ ಒಂದು ಸೆಲ್ ಜೋಡಿಸಿ. ಸೆಲ್‌ನಲ್ಲಿ ವಲಯದ ಹೆಸರಲ್ಲ, ಕೀ (ಸಿಸ್ಟಮ್‌ನಲ್ಲಿರುವ ಅದರ ಸಂಕೇತ) ಇರಲಿ.

ಇನ್ನೊಂದು, ಸೀಕ್ವೆನ್ಸ್ ಇಲ್ಲದೆ ಫಂಕ್ಷನ್ನನ್ನೇ ನೇರವಾಗಿ ವರ್ಕ್‌ಬುಕ್ಕಿಗೆ ಸೇರಿಸುವುದು. ಆಗ ವೇರಿಯಬಲ್ ಜೊತೆಗೆ ಫಿಲ್ಟರಿನ ಕ್ಯಾರೆಕ್ಟರಿಸ್ಟಿಕ್‌ಗಳನ್ನೂ ಅಲ್ಲೇ ತುಂಬಬಹುದು. ಮ್ಯಾಕ್ರೋ ಬರೆಯುವವರಾದರೆ ಮೊದಲು ಸ್ಯಾಪ್‌ಸೆಟ್‌ಪ್ಲಾನ್‌ಪ್ಯಾರಾಮೀಟರ್, ಆಮೇಲೆ ಸ್ಯಾಪ್‌ಎಕ್ಸಿಕ್ಯೂಟ್‌ಪ್ಲಾನಿಂಗ್‌ಫಂಕ್ಷನ್. ಹಳೆಯ ವೆಬ್ ಟೆಂಪ್ಲೇಟ್ ಇಟ್ಟುಕೊಂಡವರಿಗೆ ಇದು ಇನ್ನೂ ಸುಲಭ. ಅಲ್ಲಿನ ಕಮಾಂಡ್‌ನಲ್ಲಿ ಡೇಟಾ ಪ್ರೊವೈಡರ್ (ತೆರೆಗೆ ಡೇಟಾ ಕೊಡುವ ಕ್ವೆರಿ) ಹೆಸರು ಕೊಟ್ಟರೆ ಸಾಕು, ತೆರೆಯ ಫಿಲ್ಟರನ್ನೇ ಫಂಕ್ಷನ್‌ಗೂ ಕಳಿಸುತ್ತದೆ. ನೀವು ಬಯಸಿದ್ದು ಬಹುಶಃ ಅದೇ.

ಈಗ ಫಿಲ್ಟರಿನೊಳಗೆ ಏನಿರಬೇಕು ಅನ್ನುವ ಮಾತು. ಜಾಸ್ತಿ ಜನ ಎಡವುವುದು ಇಲ್ಲೇ. ಕಾಪಿ ಅಂದ ತಕ್ಷಣ ಮೂಲ ಡೇಟಾವನ್ನು ಫಿಲ್ಟರಿಗೆ ಹಾಕಬೇಕು ಅನ್ನಿಸುತ್ತದೆ: 2025, ಆಕ್ಚುವಲ್. ಆದರೆ ಫಿಲ್ಟರ್ ಹೇಳುವುದು ಬರೆಯುವ ಜಾಗವನ್ನು. ಅಲ್ಲಿ ಇರಬೇಕಾದದ್ದು 2026, ಪ್ಲಾನ್ ವರ್ಷನ್. ಮೂಲ ಡೇಟಾ ರೆಫರೆನ್ಸ್ ಡೇಟಾ ಆಗುತ್ತದೆ. ಕಾಪಿಯ ಫ್ರಮ್ ಮೌಲ್ಯ ನೋಡಿ ಸಿಸ್ಟಮ್ ಅದನ್ನು ತಾನೇ ಓದಿಕೊಳ್ಳುತ್ತದೆ, ಫಿಲ್ಟರಿನ ಹೊರಗಿದ್ದರೂ ಸರಿ. ಟಾರ್ಗೆಟ್ ಹೊರಗಿದ್ದರೆ ಮಾತ್ರ ಕೆಲಸ ಆಗುವುದಿಲ್ಲ. ನಿಮ್ಮಲ್ಲಿ ಬದಲಾಗುವುದು ವರ್ಷ ಮತ್ತು ವರ್ಷನ್, ವಲಯ ಬದಲಾಗುವುದಿಲ್ಲ. ಹಾಗಾಗಿ ಫಿಲ್ಟರಿನಲ್ಲಿ ದಕ್ಷಿಣ ಅಂತಿದ್ದರೆ ಮೂಲವೂ ದಕ್ಷಿಣದ್ದೇ ಬರುತ್ತದೆ. ಅದೇ ರೀಪೋಸ್ಟ್ ಆದರೆ ಕಥೆ ಬೇರೆ. ಅದು ಒಂದು ಕಡೆ ಕಳೆದು ಇನ್ನೊಂದು ಕಡೆ ಕೂಡಿಸುತ್ತದೆ, ಎರಡೂ ಕಡೆ ಬರೆಯುತ್ತದೆ. ಆದ್ದರಿಂದ ಎರಡೂ ಕಡೆಯ ಮೌಲ್ಯಗಳು ಆ ಫಿಲ್ಟರಿನಲ್ಲಿ ಇರಲೇಬೇಕು.

ನಿಮ್ಮ ಆಕ್ಚುವಲ್ ಒಂದು ಕ್ಯೂಬ್‌ನಲ್ಲಿ (ಡೇಟಾ ಕೂಡಿಡುವ ಜಾಗ), ಪ್ಲಾನ್ ಇನ್ನೊಂದು ರಿಯಲ್‌ಟೈಮ್ (ಪ್ಲಾನ್ ಬರೆಯಬಹುದಾದ) ಕ್ಯೂಬ್‌ನಲ್ಲಿ ಇದ್ದು, ಅಗ್ರಿಗೇಶನ್ ಲೆವೆಲ್ ಇವೆರಡನ್ನೂ ಒಟ್ಟಿಗೆ ತೋರಿಸುವ ಮಲ್ಟಿಪ್ರೊವೈಡರ್ ಮೇಲಿದ್ದರೆ, ಯಾವ ಕ್ಯೂಬ್ ಅಂತ ಹೇಳುವ ಇನ್ಫೋಪ್ರೊವೈಡರ್ ಕೂಡ ಬದಲಾಗುವ ಕ್ಯಾರೆಕ್ಟರಿಸ್ಟಿಕ್ ಆಗಬೇಕು. ಫ್ರಮ್‌ನಲ್ಲಿ ಆಕ್ಚುವಲ್ ಕ್ಯೂಬ್, ಟುನಲ್ಲಿ ಪ್ಲಾನ್ ಕ್ಯೂಬ್. ಇದನ್ನು ಬಿಟ್ಟರೆ ಪ್ಲಾನ್ ಕ್ಯೂಬ್‌ನಲ್ಲೇ ಆಕ್ಚುವಲ್ ಹುಡುಕಿ ಏನೂ ಸಿಗದೆ ಸುಮ್ನೆ ವಾಪಸ್ ಬರುತ್ತದೆ. ತಪ್ಪು ಅಂತ ಸಂದೇಶವೂ ಬರದಿರಬಹುದು.

ಶೇ. 8ರ ಹೆಜ್ಜೆಯ ಬಗ್ಗೆ ಒಂದು ಎಚ್ಚರ. ರಿವ್ಯಾಲ್ಯುವೇಶನ್ ಒಂಟಿಯಾಗಿ ಬಟನ್‌ನಲ್ಲಿ ಇಟ್ಟರೆ ಯಾರೋ ಎರಡು ಸಲ ಒತ್ತುತ್ತಾರೆ, ಖಂಡಿತ ಒತ್ತುತ್ತಾರೆ. 100 ಇದ್ದದ್ದು 108, ಆಮೇಲೆ 116.64. ಸೀಕ್ವೆನ್ಸಿನಲ್ಲಿ ಕಾಪಿ ಮೊದಲು ಇದ್ದರೆ ಪ್ರತಿ ಸಲವೂ ಆಕ್ಚುವಲ್‌ನಿಂದ ಶುರುವಾಗುತ್ತದೆ. ಎರಡೂ ಹೆಜ್ಜೆಗೆ ಒಂದೇ ಫಿಲ್ಟರ್ ಕೊಡಿ.

ಫಿಲ್ಟರ್ ಬಿಗಿ ಮಾಡಲು ಇನ್ನೊಂದು ಕಾರಣ ಲಾಕ್. ಬದಲಾಗುವ ಡೇಟಾವನ್ನು ಸಿಸ್ಟಮ್ ಫಿಲ್ಟರಿನ ಅಳತೆಗೆ ಲಾಕ್ ಮಾಡುತ್ತದೆ. ವಲಯ ಖಾಲಿ ಬಿಟ್ಟರೆ ಎಲ್ಲ ವಲಯವೂ ಲಾಕ್, ಉತ್ತರ ವಲಯದವರು ಫೋನ್ ಮಾಡಿ ಕೂಗಾಡುತ್ತಾರೆ. ರೆಫರೆನ್ಸ್ ಡೇಟಾಗೆ ಲಾಕ್ ಇಲ್ಲ. ಡಿಲೀಟ್ ಫಂಕ್ಷನ್‌ಗೆ ಅಂತೂ ವರ್ಷ, ವರ್ಷನ್ ಎರಡನ್ನೂ ಫಿಲ್ಟರಿನಲ್ಲಿ ಸ್ಥಿರವಾಗಿ ಕಟ್ಟಿಹಾಕಿ. ಆ ಎರಡನ್ನು ವೇರಿಯಬಲ್‌ಗೆ ಬಿಡಲು ನಾನಂತೂ ಒಪ್ಪುವುದಿಲ್ಲ.

ಬಟನ್‌ಗೆ ಹಾಕುವ ಮುಂಚೆ ಆರ್‌ಎಸ್‌ಪ್ಲಾನ್‌ನಲ್ಲೇ ಸೀಕ್ವೆನ್ಸನ್ನು ಟ್ರೇಸ್ ಸಮೇತ ಓಡಿಸಿ ನೋಡಿ. ಯಾವ ಬ್ಲಾಕ್ (ಒಟ್ಟಿಗೆ ಲೆಕ್ಕವಾಗುವ ಡೇಟಾ ಗುಂಪು) ಬಂತು, ರೆಫರೆನ್ಸ್ ಎಷ್ಟು ಓದಿತು, ಮೊದಲು ಏನಿತ್ತು, ನಂತರ ಏನಾಯಿತು ಎಲ್ಲ ಕಾಣುತ್ತದೆ. ಸೇವ್ ಒತ್ತುವ ತನಕ ಕ್ಯೂಬ್‌ಗೆ ಏನೂ ಹೋಗುವುದಿಲ್ಲ, ಹೆದರಬೇಡಿ. ಪ್ರೋಸೆಸ್ ಚೈನ್‌ನಲ್ಲಿ (ಹಿನ್ನೆಲೆಯಲ್ಲಿ ತಾನೇ ಓಡುವ ಕೆಲಸಗಳ ಸರಪಳಿ) ಓಡಿಸಿದರೆ ಮಾತ್ರ ಅದು ತಾನೇ ಸೇವ್ ಮಾಡುತ್ತದೆ. ಟ್ರೇಸ್‌ನಲ್ಲೂ ಉತ್ತರ ವಲಯ ಕಂಡರೆ ಬಹುಶಃ ನಿಮ್ಮ ವೇರಿಯಬಲ್ ಖಾಲಿ ಹೋಗುತ್ತಿದೆ ಅಂತ ಅರ್ಥ. ಆಗ ಅದನ್ನು ಕಡ್ಡಾಯ ವೇರಿಯಬಲ್ ಮಾಡಿ.